ಇಂಗ್ಲಿಷ್ ಬಹುವಚನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಆರರಿಂದ ಎಂಟರವರೆಗೆ ನಮ್ಮ ಮನೆಯ ಹಜಾರದಲ್ಲಿ ಇಂಗ್ಲಿಷ್ ಪಾಠ ನಡೆಯುತ್ತದೆ. ಹತ್ತನೇ ಕ್ಲಾಸಿನ ಮಕ್ಕಳು ಬರುತ್ತಾರೆ, ಕೆಲಸ ಹುಡುಕುತ್ತಿರುವ ಡಿಗ್ರಿ ಹುಡುಗರು ಬರುತ್ತಾರೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರೂ ಬರುತ್ತಾರೆ. ಎಲ್ಲರೂ ಎಡವುವ ಜಾಗ ಮಾತ್ರ ಒಂದೇ. ಒಂದು ಇದ್ದದ್ದು ಎರಡಾದಾಗ ಪದದ ಬಾಲಕ್ಕೆ ಏನು ಅಂಟಿಸಬೇಕು? ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ನನ್ನ ಗಂಟಲಿಗೆ ಸ್ವಲ್ಪ ರಜೆ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಕೊನೆಗೆ ಒಂದು 'ಎಸ್' ಸೇರಿಸಿದರೆ ಮುಗೀತು, ಅಲ್ವಾ?

ಬಹುಪಾಲು ಪದಗಳಿಗೆ ಮುಗೀತು. ಬುಕ್, ಪೆನ್, ಟೇಬಲ್, ಕಾರ್ ಎಲ್ಲಕ್ಕೂ ಅಷ್ಟೇ ಸಾಕು. ಪದದ ಕೊನೆಯಲ್ಲಿ ಸ್, ಶ್, ಚ್, ಕ್ಸ್ ತರಹದ ಸದ್ದಿದ್ದರೆ ಮಾತ್ರ 'ಇ-ಎಸ್' ಬೇಕು: ಬಸಸ್, ಡಿಶಸ್, ಚರ್ಚಸ್, ಬಾಕ್ಸಸ್. ಇದರ ಕಾರಣ ಬಾಯಿಗೇ ಗೊತ್ತಾಗುತ್ತದೆ. 'ಬಸ್' ಪಕ್ಕದಲ್ಲಿ ಬರೀ ಇನ್ನೊಂದು 'ಸ್' ಇಟ್ಟು ಹೇಳಿ ನೋಡಿ. ಹಾವು ಬುಸುಗುಟ್ಟಿದ ಹಾಗಾಗುತ್ತದೆ, ಎರಡನೆಯ ಸ್ ಕೇಳಿಸುವುದೇ ಇಲ್ಲ. ನಡುವೆ ಒಂದು ಸ್ವರ ಬಂದರೆ ಉಸಿರಾಡಲು ಜಾಗ ಸಿಗುತ್ತದೆ.

ಇಲ್ಲಿ ನೋಡಬೇಕಾದ್ದು ಸದ್ದನ್ನು, ಅಕ್ಷರವನ್ನಲ್ಲ. 'ಸ್ಟಮಕ್' ಪದ ಬರವಣಿಗೆಯಲ್ಲಿ 'ಸಿ-ಎಚ್' ಎಂದೇ ಮುಗಿಯುತ್ತದೆ. ಆದರೆ ಸದ್ದು 'ಕ್'. ಹಾಗಾಗಿ ಅದಕ್ಕೆ ಬರೀ ಎಸ್ ಸಾಕು, ಸ್ಟಮಕ್ಸ್. 'ಕ್ವಿಜ್' ಬರೆಯುವಾಗ ಇನ್ನೊಂದು ಝೆಡ್ ಸೇರಿಸಿ, ಆಮೇಲೆ ಇ-ಎಸ್ ಹಾಕಬೇಕು.

ಎಸ್ ಬರೆದ ಕಡೆಯೆಲ್ಲ 'ಸ್' ಅಂತಲೇ ಓದಬೇಕಾ?

ಇಲ್ಲ. ಇದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದು ಕಡಿಮೆ. ಅದಕ್ಕೇ 'ಡಾಗ್ಸ್' ಎನ್ನುವಾಗ ನಾವೆಲ್ಲ ಗಟ್ಟಿ 'ಸ್' ಹೇಳುತ್ತೇವೆ. ನಿಜವಾಗಿ ಅಲ್ಲಿ ಬರುವುದು ಝೆಡ್‌ನ ಸದ್ದು, ಡಾಗ್‌ಝ್. ಪ್, ಟ್, ಕ್, ಫ್ ಹೇಳುವಾಗ ಗಂಟಲಿನ ಮೇಲೆ ಬೆರಳಿಟ್ಟು ನೋಡಿ, ನಡುಗುವುದಿಲ್ಲ. ಇವುಗಳ ನಂತರ 'ಸ್' ಬರುತ್ತದೆ: ಕ್ಯಾಟ್ಸ್, ಕಪ್ಸ್. ಬ್, ಡ್, ಗ್, ಮ್, ನ್, ಲ್ ಮತ್ತು ಎಲ್ಲ ಸ್ವರಗಳಿಗೆ ಗಂಟಲು ನಡುಗುತ್ತದೆ. ಇವುಗಳ ನಂತರ 'ಝ್': ಬೆಡ್‌ಝ್, ಪೆನ್‌ಝ್, ಬಾಯ್‌ಝ್. ಬಸ್, ಡಿಶ್ ಗುಂಪಿಗೆ 'ಇಝ್'.

ಇಂಗ್ಲಿಷ್ ಮನೆಮಾತಾದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಭಾಷಾವಿಜ್ಞಾನಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಹಕ್ಕಿಮರಿಯಂತಿರುವ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ 'ವಗ್' ಅಂತ ಹೆಸರಿಟ್ಟರು. ಅಂಥ ಪದವೇ ಇಂಗ್ಲಿಷಿನಲ್ಲಿ ಇರಲಿಲ್ಲ. ಪುಟ್ಟ ಮಕ್ಕಳಿಗೆ ಅದನ್ನು ತೋರಿಸಿ, 'ಇದೊಂದು ವಗ್. ಈಗ ಎರಡಿವೆ. ಎರಡು...?' ಎಂದು ನಿಲ್ಲಿಸಿದರು. ಮಕ್ಕಳು 'ವಗ್‌ಝ್' ಎಂದರು. ಹುಟ್ಟಿದಾಗಿನಿಂದ ಕೇಳಿರದ ಪದ, ಆದರೂ ಝ್ ತಾನಾಗಿಯೇ ಬಂತು. ನಮಗೆ ತಾನಾಗಿ ಬರುವುದಿಲ್ಲ, ಸ್ವಲ್ಪ ದಿನ ಬೆರಳು ಗಂಟಲಿನ ಮೇಲೇ ಇರಲಿ.

ರೂಲ್ ಎಲ್ಲ ಗೊತ್ತಿದ್ದರೂ ಮಾತಾಡುವಾಗ 'ಟೂ ಇಡ್ಲಿ', 'ಟೆನ್ ಪೇಜ್' ಅಂತಲೇ ಬಾಯಿಗೆ ಬರುತ್ತದೆ. ಯಾಕೆ?

ನಿಮ್ಮ ತಪ್ಪಲ್ಲ, ನಿಮ್ಮ ಕನ್ನಡ ಗಟ್ಟಿಯಾಗಿದೆ ಅಷ್ಟೇ. ಹೋಟೆಲಿನಲ್ಲಿ ಯಾರಾದರೂ 'ಎರಡು ಇಡ್ಲಿಗಳು, ಒಂದು ವಡೆ' ಅಂತ ಕೇಳಿದ್ದನ್ನು ನೋಡಿದ್ದೀರಾ? ಮಾಣಿ ತಿರುಗಿ ನೋಡುತ್ತಾನೆ. ಕನ್ನಡದಲ್ಲಿ ವಸ್ತುವಿನ ಮುಂದೆ ಸಂಖ್ಯೆ ಬಂದರೆ ಬಹುವಚನ ಹೇಳುವ ಕೆಲಸವನ್ನು ಆ ಸಂಖ್ಯೆಯೇ ಮಾಡಿಬಿಡುತ್ತದೆ. ಐದು ರೂಪಾಯಿ, ಮೂರು ದಿನ, ಹತ್ತು ಪುಟ. 'ಗಳು' ಸೇರಿಸಿದರೆ ತಪ್ಪೇನೂ ಅಲ್ಲ, ಪುಸ್ತಕದ ಭಾಷೆಯಲ್ಲಿ ಸೇರಿಸುತ್ತಾರೆ. ಆದರೆ ಬಾಯಿಮಾತಿನಲ್ಲಿ ಬೇಕಾಗಿಲ್ಲ. ಮನುಷ್ಯರಿಗೆ ಮಾತ್ರ ಬೇಕೇ ಬೇಕು. 'ಇಬ್ಬರು ಹುಡುಗ' ಎನ್ನುವುದಿಲ್ಲ, 'ಇಬ್ಬರು ಹುಡುಗರು' ಎನ್ನುತ್ತೇವೆ.

ಇಂಗ್ಲಿಷಿಗೆ ಈ ಭೇದ ಇಲ್ಲ. ಸಂಖ್ಯೆ ಇದ್ದರೂ ಎಸ್ ಬೇಕು, ಜನರಾದರೂ ಇಡ್ಲಿಯಾದರೂ ಬೇಕು. ನಾನು ಗಮನಿಸಿದ್ದೇನೆ, ನಮ್ಮ ಮಕ್ಕಳು 'ಟೂ ಬಾಯ್ಸ್' ಅಂತ ಸರಿಯಾಗಿ ಹೇಳಿ, ಮರುಕ್ಷಣವೇ 'ಫೈವ್ ರುಪೀ' ಎನ್ನುತ್ತಾರೆ. ಒಳಗೆ ಕನ್ನಡದ ಲೆಕ್ಕ ಓಡುತ್ತಿರುತ್ತದೆ.

ಇನ್ನೊಂದು ಚಿಕ್ಕ ವಿಷಯ. ನಮಗೆ 'ಒಂದೂವರೆ ಗಂಟೆ' ಒಂದರ ಲೆಕ್ಕ. ಇಂಗ್ಲಿಷಿಗೆ ಒಂದು ದಾಟಿದ ಕೂಡಲೇ ಬಹುವಚನ: ಒನ್ ಅಂಡ್ ಎ ಹಾಫ್ ಅವರ್ಸ್. ಸೊನ್ನೆಗೂ ಬಹುವಚನವೇ, ಝೀರೋ ಮಾರ್ಕ್ಸ್.

ಹಾಗಾದರೆ ಹತ್ತು ರೂಪಾಯಿ ನೋಟಿಗೆ 'ಟೆನ್ ರುಪೀಸ್ ನೋಟ್' ಅನ್ನಬೇಕಲ್ಲವೇ?

ಇಲ್ಲಿ ಎಸ್ ಬೇಡ. 'ಟೆನ್ ರುಪೀ ನೋಟ್', 'ಫೈವ್ ಸ್ಟಾರ್ ಹೋಟೆಲ್', 'ತ್ರೀ ಡೇ ಟೂರ್'. ಸಂಖ್ಯೆ ಮತ್ತು ಪದ ಸೇರಿ ಇನ್ನೊಂದು ಪದವನ್ನು ವರ್ಣಿಸುತ್ತಿದ್ದರೆ ಎಸ್ ಬಿದ್ದುಹೋಗುತ್ತದೆ. ಹುಡುಗನಿಗೆ ಐದು ವರ್ಷವಾದರೆ 'ಫೈವ್ ಇಯರ್ಸ್ ಓಲ್ಡ್'. ಆದರೆ ಅವನು 'ಎ ಫೈವ್ ಇಯರ್ ಓಲ್ಡ್ ಬಾಯ್'.

ಎರಡು ಲಕ್ಷಕ್ಕೆ 'ಟೂ ಲ್ಯಾಕ್ಸ್' ಸರಿಯೇ?

ಸಂಖ್ಯೆ ಮುಂದಿದ್ದರೆ ಹಂಡ್ರೆಡ್, ಥೌಸಂಡ್, ಡಜನ್ ಯಾವುದಕ್ಕೂ ಎಸ್ ಇಲ್ಲ. ಲಕ್ಷಕ್ಕೂ ಅದೇ ಕ್ರಮ: ಟೂ ಲ್ಯಾಕ್ ರುಪೀಸ್. ಲೆಕ್ಕ ಹೇಳದೆ 'ಲಕ್ಷಾಂತರ ಜನ' ಎನ್ನುವಾಗ ಎಸ್ ಬರುತ್ತದೆ: ಲ್ಯಾಕ್ಸ್ ಆಫ್ ಪೀಪಲ್. ಅಕ್ಕಿ ಮೂಟೆಯ ಮೇಲೆ ಕಾಣುವ 'ಕೆಜಿಎಸ್' ಕೂಡ ಬೇಡ. ಅಳತೆಯ ಚಿಹ್ನೆಗೆ ಬಹುವಚನ ಇಲ್ಲ, ಇಪ್ಪತ್ತೈದಾದರೂ ಕೆಜಿಯೇ.

'ಫ್ರೆಂಡ್ಸ್‌ಗಳು', 'ಸ್ಟೂಡೆಂಟ್ಸ್‌ಗಳು' ಅಂದರೆ ನಗುತ್ತಾರೆ. ಅಷ್ಟೊಂದು ತಪ್ಪಾ?

ನಗುವವರು ಮೊದಲು 'ಚಿಲ್ಡ್ರನ್' ಪದವನ್ನು ನೋಡಲಿ.

'ಫ್ರೆಂಡ್ಸ್' ಅಂದಾಗಲೇ ಬಹುವಚನ ಆಗಿದೆ, ಅದರ ಮೇಲೆ 'ಗಳು' ಎರಡನೆಯ ಟೋಪಿ. ನಿಜ. ಆದರೆ ಕನ್ನಡದ ಕಿವಿಗೆ ಆ ಎಸ್ ಬಹುವಚನ ಅಂತ ಅನ್ನಿಸುವುದೇ ಇಲ್ಲ. ಅದು ಪದದ ಮೈಯಲ್ಲೇ ಸೇರಿಹೋಗಿರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ 'ಒಬ್ರು ಲೇಡೀಸ್ ಇದಾರೆ, ಸೀಟು ಬಿಡಿ' ಎನ್ನುವುದಿಲ್ಲವೇ? 'ಒಂದು ಶೂಸ್ ಕಾಣಿಸ್ತಿಲ್ಲ', 'ಒಂದು ಸಾಕ್ಸ್ ಹರಿದಿದೆ' ಎನ್ನುವುದೂ ಹೀಗೇ.

ಇಂಗ್ಲಿಷರೂ ಇದನ್ನೇ ಮಾಡಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಮಗುವಿಗೆ 'ಚಿಲ್ಡ್', ಮಕ್ಕಳಿಗೆ 'ಚಿಲ್ಡ್ರು' ಎನ್ನುತ್ತಿದ್ದರು. ಅಲ್ಲಿಗೇ ಬಹುವಚನ ಮುಗಿದಿತ್ತು. ಕಾಲ ಕಳೆದ ಮೇಲೆ ಆ 'ರು' ಬಹುವಚನ ಅಂತ ಜನಕ್ಕೆ ಅನ್ನಿಸಲಿಲ್ಲ. ಆಗಿನ ಕಾಲದ ಇನ್ನೊಂದು ಬಹುವಚನದ ಬಾಲ 'ಎನ್' ತಂದು ಅದರ ಮೇಲೇ ಅಂಟಿಸಿದರು. ಚಿಲ್ಡ್ರನ್ ಅಂದರೆ ಅಕ್ಷರಶಃ 'ಮಕ್ಕಳುಗಳು'. 'ಆಕ್ಸ್' ಎಂಬ ಎತ್ತು 'ಆಕ್ಸನ್' ಆಗುವುದೂ ಅದೇ 'ಎನ್' ಬಾಲದಿಂದ.

ಉಲ್ಟಾ ಕತೆಯೂ ಇದೆ. ಬಟಾಣಿಗೆ ಹಿಂದೆ ಇಂಗ್ಲಿಷಿನಲ್ಲಿ 'ಪೀಸ್' ಎಂಬುದೇ ಏಕವಚನ. ಕೊನೆಯ ಸ್ ಕೇಳಿದ ಜನ ಇದು ಬಹುವಚನ ಇರಬೇಕು ಅಂದುಕೊಂಡು, ಅದನ್ನು ಕತ್ತರಿಸಿ 'ಪೀ' ಎಂಬ ಹೊಸ ಏಕವಚನ ಮಾಡಿಕೊಂಡರು. ನಾವು ಇಲ್ಲದ ಕಡೆ ಬಾಲ ಸೇರಿಸಿದರೆ ಅವರು ಇರುವ ಬಾಲವನ್ನೇ ಕತ್ತರಿಸಿದರು.

ನಮ್ಮ ಸರ್ಕಾರಿ ಸುತ್ತೋಲೆಗಳನ್ನೂ ಒಮ್ಮೆ ನೋಡಿ. 'ಸದಸ್ಯರುಗಳು', 'ಶಿಕ್ಷಕರುಗಳು', 'ಅವರುಗಳು'. ಗೌರವಕ್ಕೆ ಒಬ್ಬರನ್ನೂ 'ಅವರು' ಅಂದು ಅಂದು ಆ 'ರು' ಸವೆದುಹೋಗಿದೆ. ಬಹಳ ಜನ ಇದ್ದಾರೆ ಅಂತ ತೋರಿಸಲು ಇನ್ನೊಂದು ಬಾಲ ಬೇಕಾಯಿತು. ಪರೀಕ್ಷೆಯಲ್ಲಿ 'ಫ್ರೆಂಡ್ಸ್‌ಗಳು' ಬರೆಯಬೇಡಿ, 'ಫ್ರೆಂಡ್‌ಗಳು' ಅಥವಾ ಸುಮ್ನೆ 'ಗೆಳೆಯರು' ಎನ್ನಿ. ಆದರೆ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೊದಲಿನಿಂದಲೂ ಇಂಗ್ಲಿಷಿನಲ್ಲಿ ಎಸ್‌ನದೇ ರಾಜ್ಯವಾಗಿತ್ತಾ?

ಇರಲಿಲ್ಲ. ಬೇರೆ ಬೇರೆ ಪದಗಳಿಗೆ ಬೇರೆ ಬೇರೆ ಬಾಲಗಳಿದ್ದವು, ಊರಿಂದ ಊರಿಗೂ ಬದಲಾಗುತ್ತಿದ್ದವು. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ತಾನು ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಇದರ ಬಗ್ಗೆ ಒಂದು ಪ್ರಸಂಗ ಬರೆದಿದ್ದಾನೆ. ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ವ್ಯಾಪಾರಿಗಳು ಗಾಳಿ ಬೀಸದೆ ದಡದಲ್ಲೇ ಉಳಿದರು. ಅವರಲ್ಲೊಬ್ಬ ಊಟ ಹುಡುಕಿಕೊಂಡು ಒಂದು ಮನೆಗೆ ಹೋಗಿ 'ಎಗ್ಸ್' ಕೇಳಿದ. ಮನೆಯಾಕೆ 'ನನಗೆ ಫ್ರೆಂಚ್ ಬರುವುದಿಲ್ಲ' ಎಂದಳು. ಅವನಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ಬಂದು 'ಐರೆನ್' ಎಂದಾಗ ಆಕೆಗೆ ಅರ್ಥವಾಯಿತು. ಎರಡೂ ಮೊಟ್ಟೆಗಳೇ. ಒಂದಕ್ಕೆ ಎಸ್ ಬಾಲ, ಇನ್ನೊಂದಕ್ಕೆ ಚಿಲ್ಡ್ರನ್ ತರಹದ ಬಾಲ. ಎಸ್ ಗೆದ್ದಿತು. ಸೋತ ಬಾಲಗಳ ಚೂರುಪಾರು ಇಂದಿಗೂ ಅಲ್ಲಲ್ಲಿ ಉಳಿದಿವೆ, ನಾವು ಅವನ್ನು 'ಎಕ್ಸೆಪ್ಷನ್' ಅಂತ ಬಾಯಿಪಾಠ ಮಾಡುತ್ತೇವೆ.

ಫುಟ್ ಯಾಕೆ ಫೀಟ್ ಆಗುತ್ತದೆ? ಹಾಗಾದರೆ ಬುಕ್ ಯಾಕೆ 'ಬೀಕ್' ಆಗಲ್ಲ?

ನನಗೆ ತುಂಬ ಇಷ್ಟವಾದ ಪ್ರಶ್ನೆ. ಕೇಳಿದವನು ಒಂಬತ್ತನೇ ಕ್ಲಾಸಿನ ಹುಡುಗ, ತರಲೆ ಮಾಡಲು ಕೇಳಿದ್ದು.

ಬಹಳ ಹಿಂದೆ, ಇಂಗ್ಲಿಷಿನ ಅಜ್ಜಿ ಭಾಷೆಯಲ್ಲಿ ಒಂದು ಪಾದಕ್ಕೆ 'ಫೋತ್', ಹಲವು ಪಾದಗಳಿಗೆ 'ಫೋತಿಝ್' ಎನ್ನುವಂಥ ರೂಪಗಳಿದ್ದವು. ಮುಂದೆ ಬರುವ 'ಇ' ಹೇಳಲು ನಾಲಿಗೆ ಮೊದಲೇ ಸಿದ್ಧವಾಗಿ ಮುಂದಕ್ಕೆ ಸರಿಯುತ್ತಿತ್ತು. ಹಾಗೆ ಸರಿದು ಸರಿದು 'ಫೋ' ಎಂಬುದು ನಿಧಾನವಾಗಿ 'ಫೇ' ಕಡೆಗೆ ವಾಲಿತು. ಆಮೇಲೆ ಆ 'ಇಝ್' ಬಾಲ ಉದುರಿಹೋಯಿತು. ಬಾಲ ಹೋದರೂ ಅದು ಮಾಡಿದ ಬದಲಾವಣೆ ಉಳಿಯಿತು. ಫುಟ್-ಫೀಟ್, ಟೂತ್-ಟೀತ್, ಗೂಸ್-ಗೀಸ್, ಮೌಸ್-ಮೈಸ್, ಲೌಸ್-ಲೈಸ್, ಮ್ಯಾನ್-ಮೆನ್, ವುಮನ್-ವಿಮಿನ್. ಈ ಗುಂಪಿನಲ್ಲಿ ಉಳಿದಿರುವುದು ಈ 7 ಪದ ಮಾತ್ರ. ಕೊನೆಯದನ್ನು ಬರೆಯುವಾಗ ಎರಡನೆಯ ಭಾಗ ಬದಲಾಗುತ್ತದೆ, ಓದುವಾಗ ಮೊದಲನೆಯದು. 'ವುಮೆನ್' ಅಲ್ಲ, 'ವಿಮಿನ್'.

ಇಂಥದ್ದು ನಮ್ಮಲ್ಲೂ ಆಗಿದೆ. ತಮಿಳಿನಲ್ಲಿ ಕಿವಿಗೆ 'ಚೆವಿ' ಎನ್ನುತ್ತಾರೆ. ನಮ್ಮ ಪದದಲ್ಲೂ ಮೊದಲು ಇದ್ದದ್ದು 'ಎ'ಕಾರವೇ. ಮುಂದಿನ 'ಇ' ಅದನ್ನು ತನ್ನ ಕಡೆಗೆ ಎಳೆದುಕೊಂಡು 'ಕಿ' ಮಾಡಿತು.

ಇನ್ನು ಬುಕ್ ವಿಷಯ. ತರಲೆ ಹುಡುಗ ಸರಿಯಾಗಿಯೇ ಕೇಳಿದ್ದ! ಹಳೆಯ ಇಂಗ್ಲಿಷಿನಲ್ಲಿ ಪುಸ್ತಕ 'ಬೋಕ್', ಪುಸ್ತಕಗಳು 'ಬೇಚ್'. ಎಸ್ ಅಬ್ಬರದಲ್ಲಿ ಅದು ಕೊಚ್ಚಿಹೋಯಿತು. ಇಲ್ಲದಿದ್ದರೆ ಇವತ್ತು ಸ್ಕೂಲ್ ಬ್ಯಾಗಿನಲ್ಲಿ 'ಬೀಚ್' ತುಂಬಿಕೊಂಡು ಹೋಗಬೇಕಾಗಿತ್ತು.

ಒಂದು ಬಲೆ ಇದೆ. ಗೂಸ್ ಗೀಸ್ ಆಗುತ್ತದೆ ಅಂತ ಮಂಗೂಸ್ 'ಮಂಗೀಸ್' ಆಗುವುದಿಲ್ಲ. ಮಂಗೂಸ್‌ಗೂ ಹೆಬ್ಬಾತಿಗೂ ಸಂಬಂಧವೇ ಇಲ್ಲ. ಅದು ಮರಾಠಿಯ 'ಮುಂಗೂಸ್', ನಮ್ಮ ಮುಂಗುಸಿಯ ನೆಂಟ. ಇಂಗ್ಲಿಷಿಗೆ ಹೊಸದಾಗಿ ಬಂದ ಪದ, ಅದಕ್ಕೇ ಸಾಮಾನ್ಯ ಬಾಲ: ಮಂಗೂಸಸ್.

ಬೇಬಿ, ಬಾಯ್ ಎರಡೂ 'ವೈ'ಯಲ್ಲೇ ಮುಗಿಯುತ್ತವೆ. ಒಂದಕ್ಕೆ ಯಾಕೆ 'ಐ-ಇ-ಎಸ್'?

ವೈ ಹಿಂದಿನ ಅಕ್ಷರ ನೋಡಿ. ಸ್ವರವಿದ್ದರೆ (ಎ, ಇ, ಐ, ಒ, ಯು) ಸುಮ್ನೆ ಎಸ್. ವ್ಯಂಜನವಿದ್ದರೆ ವೈ ತೆಗೆದು ಐ-ಇ-ಎಸ್. ಮನುಷ್ಯರ ಹೆಸರು ಈ ನಿಯಮಕ್ಕೆ ಸಿಕ್ಕುವುದಿಲ್ಲ. ಕೆನಡಿ ಮನೆತನದವರೆಲ್ಲ ಸೇರಿದರೂ ವೈ ಹಾಗೇ ಇರುತ್ತದೆ. ಹೆಸರಿನ ಅಕ್ಷರ ಬದಲಿಸುವುದು ಮರ್ಯಾದೆಯಲ್ಲ.

ನಮ್ಮ ಪದಗಳಲ್ಲಿ ವೈ ಇರುವುದಿಲ್ಲ, 'ಐ' ಇರುತ್ತದೆ: ಇಡ್ಲಿ, ಸಾರಿ. ಇವಕ್ಕೆ ಬರೀ ಎಸ್. ಮೆನು ಕಾರ್ಡಿನಲ್ಲಿ ಇಡ್ಲಿಗೆ 'ಐ-ಇ-ಎಸ್' ಹಾಕಿದ್ದನ್ನು ಕಂಡರೆ ಚಟ್ನಿ ಹಳಸಿದಷ್ಟು ಬೇಜಾರಾಗುತ್ತದೆ.

ಪೊಟೇಟೊಗೆ 'ಇ-ಎಸ್', ಫೋಟೊಗೆ ಬರೀ 'ಎಸ್'. ಇದಕ್ಕೆ ನಿಯಮ ಇದೆಯಾ?

ಅರ್ಧ ಇದೆ. ಒ ಹಿಂದೆ ಸ್ವರವಿದ್ದರೆ ಎಸ್ ಮಾತ್ರ: ರೇಡಿಯೊ, ವಿಡಿಯೊ, ಸ್ಟುಡಿಯೊ. ಉದ್ದ ಪದವನ್ನು ಕತ್ತರಿಸಿ ಮಾಡಿದ್ದಾದರೂ ಎಸ್ ಮಾತ್ರ: ಫೋಟೊ, ಕಿಲೊ, ನಮ್ಮ ಆಟೊ. ಸಂಗೀತದಿಂದ ಬಂದ ಪಿಯಾನೊ, ಸೋಲೊ ಕೂಡ ಹಾಗೇ. ಪೊಟೇಟೊ, ಟೊಮೇಟೊ, ಹೀರೊ, ಎಕೊ, ವೀಟೊ ಈ ಐದಕ್ಕೆ ಇ-ಎಸ್ ಅಂತ ನೆನಪಿಟ್ಟುಕೊಂಡರೆ ಪರೀಕ್ಷೆ ಪಾಸು. ಮ್ಯಾಂಗೊಗೆ ಎರಡೂ ಸರಿ, ಹೇಗೆ ಬರೆದರೂ ರುಚಿ ಒಂದೇ.

ಇಲ್ಲಿ ದೊಡ್ಡವರೇ ಎಡವಿದ್ದಾರೆ. 1992ರಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಒಂದು ಶಾಲೆಯ ಸ್ಪೆಲಿಂಗ್ ಸ್ಪರ್ಧೆಗೆ ಹೋಗಿದ್ದರು. ಹುಡುಗ ಬೋರ್ಡಿನ ಮೇಲೆ ಪೊಟೇಟೊ ಅಂತ ಸರಿಯಾಗಿ ಬರೆದಿದ್ದ. ಉಪಾಧ್ಯಕ್ಷರು ಕೊನೆಯಲ್ಲಿ ಒಂದು 'ಇ' ಬಿಟ್ಟುಹೋಗಿದೆ ಎಂದು ಅವನಿಂದ ಸೇರಿಸಿಸಿದರು. ಬಹುವಚನದ 'ಇ' ಏಕವಚನಕ್ಕೆ ಜಾರಿತ್ತು. ಅದೆಲ್ಲ ಕ್ಯಾಮೆರಾ ಎದುರೇ ನಡೆದದ್ದು, ಪಾಪ.

ನೈಫ್ 'ನೈವ್ಸ್' ಆದರೆ ರೂಫ್ 'ರೂವ್ಸ್' ಯಾಕಲ್ಲ?

ಹಳೆಯ ಇಂಗ್ಲಿಷಿನಲ್ಲಿ ಗಂಟಲು ನಡುಗಿಸುವ ಎರಡು ಸದ್ದುಗಳ ನಡುವೆ ಸಿಕ್ಕಿಕೊಂಡ 'ಫ್' ತಾನಾಗಿ 'ವ್' ಆಗುತ್ತಿತ್ತು. ತೋಳಕ್ಕೆ 'ವುಲ್ಫ್', ತೋಳಗಳಿಗೆ 'ವುಲ್ಫಸ್' ಎಂದು ಬರೆದು 'ವುಲ್ವಸ್' ಅಂತ ಓದುತ್ತಿದ್ದರು. ಆ ಹಳೇ ಉಚ್ಚಾರಣೆಯೇ ವುಲ್ವ್ಸ್, ಲೀವ್ಸ್, ಲೈವ್ಸ್, ವೈವ್ಸ್, ಶೆಲ್ವ್ಸ್, ಥೀವ್ಸ್, ಹಾವ್ಸ್, ಕಾವ್ಸ್ ಆಗಿ ಉಳಿದಿದೆ. ಚೀಫ್, ಶೆಫ್ ತರಹದವು ಫ್ರೆಂಚಿನಿಂದ ಆಮೇಲೆ ಬಂದವು, ಈ ಬದಲಾವಣೆಯ ತಂಟೆಗೇ ಹೋಗಲಿಲ್ಲ. ರೂಫ್ ಮಾತ್ರ ಹಳೇ ಪದವಾಗಿದ್ದೂ ಎಸ್ ಕಡೆಗೆ ಪಕ್ಷಾಂತರ ಮಾಡಿತು. ಸ್ಕಾರ್ಫ್, ಹೂಫ್ ಇನ್ನೂ ಬೇಲಿಯ ಮೇಲೆ ಕೂತಿವೆ. ಅವಕ್ಕೆ ಎರಡೂ ನಡೆಯುತ್ತದೆ.

'ಫರ್ನಿಚರ್ಸ್', 'ಲಗೇಜ್‌ಗಳು', 'ಇನ್ಫರ್ಮೇಷನ್ಸ್' ಎಲ್ಲ ಕಡೆ ಕಾಣಿಸುತ್ತವೆ. ಸರಿಯಾ?

ಕನ್ನಡದಲ್ಲಿ ಲಗೇಜ್‌ಗಳು ಎನ್ನಿ, ಯಾರೂ ಬೇಡ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಎಸ್ ಹಾಕಬೇಡಿ. ನಾವು 'ಅಕ್ಕಿಗಳು' ಎನ್ನುವುದಿಲ್ಲ ಅಲ್ವಾ? ಅಕ್ಕಿಯನ್ನು ಎಣಿಸುವುದಿಲ್ಲ, ಅಳೆಯುತ್ತೇವೆ. ಇಂಗ್ಲಿಷಿನವರು ಫರ್ನಿಚರ್, ಲಗೇಜ್, ಇನ್ಫರ್ಮೇಷನ್, ಅಡ್ವೈಸ್, ಎಕ್ವಿಪ್‌ಮೆಂಟ್, ಹೋಮ್‌ವರ್ಕ್, ಫೀಡ್‌ಬ್ಯಾಕ್ ಎಲ್ಲವನ್ನೂ ಅಕ್ಕಿಯ ಡಬ್ಬಕ್ಕೇ ಹಾಕಿದ್ದಾರೆ. ಎಣಿಸಲೇಬೇಕಾದರೆ 'ಟೂ ಪೀಸಸ್ ಆಫ್ ಫರ್ನಿಚರ್'. ಕುರ್ಚಿಯನ್ನು ಎಣಿಸಬಹುದು, ಮೇಜನ್ನು ಎಣಿಸಬಹುದು, ಎರಡೂ ಸೇರಿದ ಫರ್ನಿಚರನ್ನು ಎಣಿಸಬಾರದು. ಇದರಲ್ಲಿ ತರ್ಕ ಹುಡುಕಬೇಡಿ, ನಾನು ಹುಡುಕಿ ಸುಸ್ತಾಗಿದ್ದೇನೆ.

ಕೂದಲಿನದು ಇನ್ನೂ ಮಜಾ. ತಲೆಯ ಮೇಲಿರುವಷ್ಟು ಹೊತ್ತು 'ಹೇರ್', ಬಹುವಚನವಿಲ್ಲ. ಅದೇ ಕೂದಲು ಸಾರಿನಲ್ಲಿ ಸಿಕ್ಕರೆ 'ಎ ಹೇರ್', ಎರಡು ಸಿಕ್ಕರೆ 'ಟೂ ಹೇರ್ಸ್'. ಡಾಕ್ಟರ ಹತ್ತಿರ ಹೋಗಿ 'ಮೈ ಹೇರ್ಸ್ ಆರ್ ಫಾಲಿಂಗ್' ಎನ್ನಬೇಡಿ, 'ಮೈ ಹೇರ್ ಈಸ್ ಫಾಲಿಂಗ್' ಎನ್ನಿ. ಉದುರುವುದು ಹೇಗೂ ಉದುರುತ್ತದೆ.

'ನ್ಯೂಸ್', 'ಮ್ಯಾಥಮ್ಯಾಟಿಕ್ಸ್' ಕೊನೆಯಲ್ಲಿ ಎಸ್ ಇದ್ದರೂ ಏಕವಚನ. ಪೊಲೀಸ್ ಕೊನೆಯಲ್ಲಿ ಬಹುವಚನದ ಎಸ್ ಇಲ್ಲದಿದ್ದರೂ ಬಹುವಚನ: 'ದ ಪೊಲೀಸ್ ಆರ್ ಕಮಿಂಗ್'. ಶೀಪ್, ಡೀರ್, ಏರ್‌ಕ್ರಾಫ್ಟ್, ಸೀರೀಸ್ ಒಂದಾದರೂ ನೂರಾದರೂ ಹಾಗೇ.

ಪ್ಯಾಂಟ್ ಒಂದೇ, ಆದರೂ 'ಪ್ಯಾಂಟ್ಸ್' ಯಾಕೆ?

ಎರಡು ಕಾಲು ಇರುವುದರಿಂದ. ಟ್ರೌಸರ್ಸ್, ಜೀನ್ಸ್, ಸಿಸರ್ಸ್, ಗ್ಲಾಸಸ್, ಎಲ್ಲ ಜೋಡಿ ಲೆಕ್ಕ. ನಮ್ಮ ಕಡೆಯಿಂದ ಹೋದ ಪೈಜಾಮಕ್ಕೂ ಅವರು ಎಸ್ ಹಾಕಿಬಿಟ್ಟರು. ಪಾರಸಿಯಲ್ಲಿ ಅದು 'ಕಾಲಿನ ಉಡುಪು', ಪಕ್ಕಾ ಏಕವಚನ. ಇಂಗ್ಲಿಷಿಗೆ ಹೋದ ಮೇಲೆ 'ಪಜಾಮಾಸ್' ಆಯಿತು.

'ಒನ್ ಆಫ್ ಮೈ ಫ್ರೆಂಡ್' ಅಂತಲೇ ಎಲ್ಲರೂ ಹೇಳುತ್ತಾರಲ್ಲ?

ಹೇಳುತ್ತಾರೆ, ಮತ್ತು ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರ ಕಿವಿಗೆ ಮೊದಲು ಬೀಳುವ ತಪ್ಪು ಇದೇ. ಕನ್ನಡದಲ್ಲಿ 'ನನ್ನ ಫ್ರೆಂಡ್ ಒಬ್ಬ' ಎನ್ನುತ್ತೇವೆ, ಅದನ್ನೇ ಇಂಗ್ಲಿಷಿಗೆ ತಂದಾಗ ಹೀಗಾಗುತ್ತದೆ. 'ನನ್ನ ಗೆಳೆಯರಲ್ಲಿ ಒಬ್ಬ' ಅಂತ ಯೋಚಿಸಿ. ಗೆಳೆಯ'ರಲ್ಲಿ' ಅಂದಾಗ ಬಹುವಚನ ತಾನೇ ಬರುತ್ತದೆ: 'ಒನ್ ಆಫ್ ಮೈ ಫ್ರೆಂಡ್ಸ್'. ಮುಂದಿನ ಕ್ರಿಯಾಪದ ಒಬ್ಬನಿಗೆ ಸೇರಿದ್ದು, ಹಾಗಾಗಿ 'ಈಸ್'.

'ಐ ಆ್ಯಮ್ ಆನ್ ಅಲಮ್ನೈ ಆಫ್ ದಿಸ್ ಕಾಲೇಜ್' ಎನ್ನಬಹುದಾ?

ಒಬ್ಬರೇ ಇದ್ದರೆ ಬೇಡ. ಒಬ್ಬ ಹಳೆ ವಿದ್ಯಾರ್ಥಿ 'ಅಲಮ್ನಸ್', ಒಬ್ಬ ಹಳೆ ವಿದ್ಯಾರ್ಥಿನಿ 'ಅಲಮ್ನಾ', ಎಲ್ಲರೂ ಸೇರಿದರೆ 'ಅಲಮ್ನೈ'. ಲ್ಯಾಟಿನ್, ಗ್ರೀಕ್ ಪದಗಳು ಇಂಗ್ಲಿಷಿಗೆ ಬರುವಾಗ ತವರಿನ ಬಹುವಚನವನ್ನೂ ಸೀರೆಯ ಜೊತೆ ಕಟ್ಟಿಕೊಂಡು ಬಂದಿವೆ. ಕ್ರೈಟೀರಿಯನ್ ಒಂದು, ಕ್ರೈಟೀರಿಯಾ ಹಲವು ('ಕ್ರೈಟೀರಿಯಾಸ್' ಇಲ್ಲವೇ ಇಲ್ಲ). ಫಿನಾಮಿನನ್-ಫಿನಾಮಿನಾ. ಕ್ರೈಸಿಸ್-ಕ್ರೈಸೀಸ್, ಥೀಸಿಸ್-ಥೀಸೀಸ್. ಫಾರ್ಮುಲಾ, ಸಿಲಬಸ್, ಇಂಡೆಕ್ಸ್ ಅತ್ತೆಮನೆಗೆ ಹೊಂದಿಕೊಂಡಿವೆ, ಅವಕ್ಕೆ ಇಂಗ್ಲಿಷ್ ಬಾಲವೂ ಸರಿ. 'ಅಜೆಂಡಾ' ಮೂಲದಲ್ಲಿ ಬಹುವಚನ, ಈಗ ಯಾರಿಗೂ ನೆನಪಿಲ್ಲ. ಅದಕ್ಕೇ 'ಅಜೆಂಡಾಸ್' ಅಂತ ಧೈರ್ಯವಾಗಿ ಬರೆಯುತ್ತಾರೆ. ಡೇಟಾ ಕೂಡ ಅದೇ ದಾರಿಯಲ್ಲಿದೆ.

ಜಾಸ್ತಿ ಬುದ್ಧಿವಂತಿಕೆಯೂ ಕೈಕೊಡುತ್ತದೆ. ಆಕ್ಟೊಪಸ್ ಕೊನೆಯಲ್ಲಿ 'ಅಸ್' ಇದೆ ಅಂತ 'ಆಕ್ಟೊಪೈ' ಎನ್ನುವವರಿದ್ದಾರೆ. ಅದು ಲ್ಯಾಟಿನ್ ಅಲ್ಲ, ಗ್ರೀಕ್ ಮೂಲದ್ದು. ಅಲ್ಲಿಯ ಬಹುವಚನ 'ಆಕ್ಟೊಪೊಡೀಸ್'. ಸುಮ್ನೆ 'ಆಕ್ಟೊಪಸಸ್' ಎನ್ನಿ. ಬಸ್ ಕೂಡ 'ಬೈ' ಆಗಲ್ಲ. ಅದು 'ಆಮ್ನಿಬಸ್' ಎಂಬ ಲ್ಯಾಟಿನ್ ಪದದ ಬಾಲ ಮಾತ್ರ. 'ಎಲ್ಲರಿಗಾಗಿ' ಅಂತ ಅರ್ಥ. ಕನ್ನಡದಲ್ಲಿ 'ಎಲ್ಲರಿಗಾಗಿ'ಯನ್ನು ಕತ್ತರಿಸಿ 'ಗಾಗಿ ಬಂತು, ಹತ್ರಿ' ಅಂದಂತೆ.

ಅಳಿಯಂದಿರು, ಸೊಸೆಯಂದಿರು: ಎಸ್ ಎಲ್ಲಿ ಹಾಕಬೇಕು?

ಇದು ನನಗೆ ಚೆನ್ನಾಗಿ ಗೊತ್ತು, ಪೆಟ್ಟು ತಿಂದು ಕಲಿತದ್ದು. ಚಿಕ್ಕಪ್ಪನ ಮಗಳ ಮದುವೆಗೆ ಆಹ್ವಾನ ಪತ್ರಿಕೆಯ ಪ್ರೂಫ್ ನೋಡುವ ಕೆಲಸ ನನ್ನದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಕನ್ನಡದ ಒತ್ತಕ್ಷರ, ನಕ್ಷತ್ರ, ಲಗ್ನ, ಮುಹೂರ್ತದ ಸಮಯ ಎಲ್ಲವನ್ನೂ ಮೂರು ಸಲ ನೋಡಿದೆ. ಇಂಗ್ಲಿಷ್ ಬದಿಯನ್ನು 'ನನಗೆ ಗೊತ್ತಿರೋದೇ' ಅಂತ ಕಣ್ಣು ಹಾಯಿಸಿ ಕಳಿಸಿದೆ. ಅಚ್ಚಾಗಿ ಬಂದಾಗ ಕೆಳಗೆ 'ಸನ್ಸ್ ಅಂಡ್ ಡಾಟರ್-ಇನ್-ಲಾಸ್' ಅಂತಿತ್ತು. 400 ಕಾರ್ಡು. ಯಾರೂ ನೋಡಲ್ಲ ಅಂದುಕೊಂಡೆ. ನಿವೃತ್ತ ಇಂಗ್ಲಿಷ್ ಮೇಷ್ಟ್ರಾದ ನಮ್ಮ ದೊಡ್ಡಮಾವ ಮದುವೆಗೆ ಬಂದು, ಅಕ್ಷತೆ ಹಾಕಿ, ಊಟದ ಸಾಲಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಜೇಬಿನಿಂದ ಕಾರ್ಡು ತೆಗೆದರು. ಕೆಂಪು ಪೆನ್ನಿನಲ್ಲಿ ದುಂಡಗೆ ಸುತ್ತು ಹಾಕಿದ್ದರು. 'ಎಷ್ಟು ಮಾರ್ಕ್ಸ್ ಕೊಡ್ಲಿ?' ಎಂದರು. ಆ ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಸರಿಯಾದದ್ದು 'ಡಾಟರ್ಸ್-ಇನ್-ಲಾ', 'ಸನ್ಸ್-ಇನ್-ಲಾ'. ಹೆಚ್ಚಾಗುವುದು ಸೊಸೆಯರು, ಕಾನೂನಲ್ಲ. ಮುಖ್ಯ ಪದ ಯಾವುದೋ ಅದಕ್ಕೆ ಎಸ್: ಪಾಸರ್ಸ್-ಬೈ, ಕಮಿಷನರ್ಸ್ ಆಫ್ ಪೊಲೀಸ್. ಡೆಪ್ಯುಟಿ ಕಮಿಷನರ್‌ನಲ್ಲಿ ಮುಖ್ಯ ಪದ ಕೊನೆಗಿದೆ, ಎಸ್ ಕೂಡ ಕೊನೆಗೇ. 'ಮೆಂಬರ್ಸ್ ಆಫ್ ಲೆಜಿಸ್ಲೇಟಿವ್ ಅಸೆಂಬ್ಲಿ' ಎಂದು ಪೂರ್ತಿ ಹೇಳುವಾಗ ಎಸ್ ಮೊದಲ ಪದಕ್ಕೆ. ಚುಟುಕಾಗಿ 'ಎಂಎಲ್‌ಎ' ಅಂದಾಗ ಅದೊಂದೇ ಪದವಾಗಿಬಿಡುತ್ತದೆ, ಎಸ್ ಕೊನೆಗೆ ಬರುತ್ತದೆ.

ಮಹಿಳಾ ಡಾಕ್ಟರುಗಳಿಗೆ ಮಾತ್ರ ಎರಡೂ ಕಡೆ ಬಹುವಚನ: 'ವಿಮಿನ್ ಡಾಕ್ಟರ್ಸ್'.

ಬೋರ್ಡುಗಳಲ್ಲಿ ಎಸ್ ಮುಂಚೆ ತಲೆಯ ಮೇಲೊಂದು ಕಾಮಾ ಇರುತ್ತದಲ್ಲ, ಅದು ಬೇಕಾ?

ಬಹುವಚನಕ್ಕೆ ಬೇಡ. ಅಪಾಸ್ಟ್ರಫಿ ಹೇಳುವುದು 'ಯಾರದು' ಅಂತ, 'ಎಷ್ಟು' ಅಂತಲ್ಲ. ದೋಸಾ ಬರೆದು, ಮೇಲೆ ಕಾಮಾ ಹಾಕಿ, ಎಸ್ ಬರೆದರೆ 'ದೋಸೆಯ' ಅಂತಾಯಿತು. ದೋಸೆಯ ಏನು? ಬ್ರಿಟನ್ನಿನಲ್ಲೂ ಈ ಚಟ ಇದೆ. ಅಲ್ಲಿ ಇದಕ್ಕೆ 'ತರಕಾರಿ ಅಂಗಡಿಯವನ ಅಪಾಸ್ಟ್ರಫಿ' ಅಂತಲೇ ಹೆಸರು. ಮದುವೆ ಮನೆಯ ಬೋರ್ಡಿನಲ್ಲಿ ರಾವ್ ಕುಟುಂಬದವರು ಎನ್ನಲು 'ದ ರಾವ್ಸ್' ಸಾಕು. ಜೋಶಿ ಮನೆಯವರು 'ದ ಜೋಶಿಸ್'. ಎಲ್ಲೂ ಕಾಮಾ ಬೇಡ. 1990ರ ದಶಕ ಬರೆಯುವಾಗಲೂ ಅಂಕಿಯ ಪಕ್ಕ ಬರೀ ಎಸ್.

ಎರಡೂ ಸೇರಿದಾಗ ಏನು ಮಾಡಬೇಕು ಅಂತ ಎರಡು ದಿನಾಚರಣೆಗಳಿಂದ ನೆನಪಿಡಿ. ಸೆಪ್ಟೆಂಬರ್ 5ರ ಟೀಚರ್ಸ್ ಡೇಯಲ್ಲಿ ಎಸ್ ಹಾಕಿ ಮೊದಲೇ ಬಹುವಚನ ಮಾಡಿದ್ದೇವೆ, ಕಾಮಾ ಎಸ್‌ನ ಆಚೆಗೆ. ನವೆಂಬರ್ 14ರ ಚಿಲ್ಡ್ರನ್ಸ್ ಡೇಯಲ್ಲಿ ಚಿಲ್ಡ್ರನ್ ಎಂಬುದೇ ಬಹುವಚನ, ಕಾಮಾ ಎಸ್‌ನ ಈಚೆಗೆ. ಮಕ್ಕಳು ಶಾಲೆಯ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಇವೆರಡನ್ನೂ ಬರೆಯುತ್ತಾರೆ. ಕಾಮಾ ಸರಿಯಾದ ಜಾಗದಲ್ಲಿದ್ದರೆ ನಾನು ಚಾಕೊಲೇಟ್ ಕೊಡುತ್ತೇನೆ. ಹೋದ ವರ್ಷ ಒಂದು ಪ್ಯಾಕೆಟ್ಟಿನಲ್ಲಿ ಅರ್ಧ ಉಳಿಯಿತು.

ಕಂಪ್ಯೂಟರ್ ಮೌಸ್ ಎರಡಾದರೆ 'ಮೈಸ್' ಅನ್ನಬೇಕಾ, 'ಮೌಸಸ್' ಅನ್ನಬೇಕಾ?

ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ನಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಏನು ಬರೆಯುತ್ತಾರೆ ನೋಡೋಣ ಅಂತ ಬೇಕೆಂದೇ ಎರಡು ತೆಗೆದುಕೊಂಡೆ. ಹುಡುಗ ಒಂದು ಕ್ಷಣವೂ ಯೋಚಿಸದೆ ಬಿಲ್ಲಿನಲ್ಲಿ ಬರೆದ: 'ಮೌಸ್ - 2'.